ರೇಟು ಕೇಳಲು ಅಳುಕಬೇಡ

ತಮ್ಮಾ, ನಿಮ್ಮಪ್ಪನ ಹರ್ನಿಯಾ ಆಪರೇಷನ್ನಿಗೆ ಗಂಗಾವತಿಯೋ ಹುಬ್ಬಳ್ಳಿಯೋ ಎಂದು ಕೇಳಿದ್ದೀ. ಊರು ಆಮೇಲೆ ಗೊತ್ತುಮಾಡೋಣ; ಮೊದಲು ಎರಡೂ ಕಡೆ ರೇಟು ಕೇಳಿಕೊಂಡು ಬಾ. ದುಡ್ಡಿನ ಮಾತೆತ್ತಿದರೆ ಡಾಕ್ಟರು ಬೇಸರ ಮಾಡಿಕೊಂಡಾರು ಎಂಬ ಅಳುಕು ಬೇಡ. ಖಾಸಗಿ ಆಸ್ಪತ್ರೆಯವರು ದರಪಟ್ಟಿ ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ನಮ್ಮ ರಾಜ್ಯದ 2007ರ ಕಾಯ್ದೆಯೇ ಹೇಳುತ್ತದೆ. ಆಪರೇಷನ್, ಅರಿವಳಿಕೆ, ಬೆಡ್ಡು, ಔಷಧ, ಒಳಗೆ ಹಾಕುವ ಬಲೆ (ಮೆಶ್), ಎಲ್ಲ ಸೇರಿ ಎಷ್ಟೆಂದು ಕಾಗದದ ಮೇಲೆ ಬರೆಸಿಕೊ.

ಆಯ್ಕೆ ರೋಗಿಯ ಕೈಯಲ್ಲಿದ್ದರೆ ಏನಾಗುತ್ತದೆಂದು ಸಹಕಾರಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದಾಗ ಕಣ್ಣಾರೆ ನೋಡಿದ್ದೇನೆ. 2003ರಲ್ಲಿ ಸೊಸೈಟಿ ಸದಸ್ಯರಾದ ರೈತರಿಗೆಂದು ಯಶಸ್ವಿನಿ ಆರೋಗ್ಯ ಯೋಜನೆ ಜಾರಿಗೆ ಬಂತು. ತಲೆಗೆ ವರ್ಷಕ್ಕೆ 60 ರೂಪಾಯಿ. ಯಲಬುರ್ಗಾ ಕಡೆಯ ಒಣಬೇಸಾಯದವರು ಶೇಂಗಾ ಮಾರಿದ ದುಡ್ಡನ್ನು ಟವೆಲ್ಲಿನ ಗಂಟು ಬಿಚ್ಚಿ ಎಣಿಸಿ ಕೊಡುತ್ತಿದ್ದರು. ಆಪರೇಷನ್ನಿನ ದರ ಮೊದಲೇ ನಿಗದಿ. ಪಟ್ಟಿಯಲ್ಲಿದ್ದ ಆಸ್ಪತ್ರೆಗಳಲ್ಲಿ, ಖಾಸಗಿಯಾದರೂ ಸರಿ, ಯಾವುದಕ್ಕೆ ಹೋಗಬೇಕೆಂಬುದು ರೈತನ ಇಷ್ಟ. ಕಂತು ಕಟ್ಟಿದ್ದೇನೆ ಎಂಬ ಧೈರ್ಯದಲ್ಲಿ ಅವನು ಕೌಂಟರಿನ ಮುಂದೆ ತಲೆಯೆತ್ತಿ ಮಾತಾಡುತ್ತಿದ್ದ. 2018ರಲ್ಲಿ ಅದನ್ನು ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕರಗಿಸಿದ್ದು ನನಗೆ ಇಂದಿಗೂ ಸರಿಕಾಣುವುದಿಲ್ಲ. 2022ರ ಕೊನೆಗೆ ಯಶಸ್ವಿನಿಯ ನೋಂದಣಿ ಮತ್ತೆ ಶುರುವಾಯಿತು. ನೀನೂ ಸೊಸೈಟಿಯ ಸದಸ್ಯನಾಗಿದ್ದರೆ ನೋಂದಣಿಯ ದಿನ ತಪ್ಪಿಸಬೇಡ.

ಎಲ್ಲವನ್ನೂ ಪೈಪೋಟಿಗೆ ಬಿಟ್ಟರೆ ದರ ತಾನಾಗಿ ಇಳಿಯುತ್ತದೆ ಎನ್ನುವವರನ್ನು ಮಾತ್ರ ಪೂರ್ತಿ ನಂಬಬೇಡ. ಹರ್ನಿಯಾಕ್ಕಾದರೆ ನಾಲ್ಕು ಕಡೆ ವಿಚಾರಿಸಬಹುದು. ನಡುರಾತ್ರಿ ಎದೆನೋವು ಬಂದವನು ಕುಷ್ಟಗಿಯಿಂದ ಎಷ್ಟು ಆಸ್ಪತ್ರೆ ತಿರುಗಿಯಾನು? ಹೃದಯದ ರಕ್ತನಾಳಕ್ಕೆ ಹಾಕುವ ಒಂದು ಸ್ಟೆಂಟಿಗೆ ಲಕ್ಷ ಮೀರಿ ಬಿಲ್ ಮಾಡುತ್ತಿದ್ದ ಕಾಲವಿತ್ತು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿದ ಮೇಲೆ ಔಷಧ ಲೇಪಿಸಿದ ಸ್ಟೆಂಟೂ 30,000 ರೂಪಾಯಿಯೊಳಗೆ ಬಂತು. ಟೇಬಲ್ ಮೇಲೆ ಮಲಗಿದವನು ಚೌಕಾಸಿ ಮಾಡಲಾರ. ಅಂಥಲ್ಲಿ ಸರ್ಕಾರ ಕೈಹಾಕಲೇಬೇಕು.

ನಿಮ್ಮದು ಬಿಪಿಎಲ್ ಕಾರ್ಡು, ಆರೋಗ್ಯ ಕರ್ನಾಟಕ ನಿಮಗೆ ಅನ್ವಯಿಸುತ್ತದೆ. ಆದ್ದರಿಂದ ರೇಟು ಗೊತ್ತಾದ ಮೇಲೂ ಅಪ್ಪನನ್ನು ಮೊದಲು ಕೊಪ್ಪಳದ ಸರ್ಕಾರಿ ಆಸ್ಪತ್ರೆಗೆ ತೋರಿಸು. 2015ರಿಂದ ಅಲ್ಲಿ ಮೆಡಿಕಲ್ ಕಾಲೇಜೇ ಇದೆ. ಅಲ್ಲಿ ಆಗುವುದಿಲ್ಲವೆಂದರೆ ರೆಫರಲ್ ಚೀಟಿ ಬರೆಸಿಕೊಂಡೇ ಖಾಸಗಿಗೆ ಹೋಗು, ಇಲ್ಲದಿದ್ದರೆ ಖರ್ಚು ಮೈಮೇಲೆ ಬರುತ್ತದೆ. ಜೀವಕ್ಕೆ ತುರ್ತಿದ್ದರೆ ಚೀಟಿಗೆ ಕಾಯಬೇಡ, ಆ ಯೋಜನೆಯ ನಿಯಮವೇ ವಿನಾಯಿತಿ ಕೊಟ್ಟಿದೆ. ‘ನಮ್ಮ ಪರಿಚಯದ ಡಾಕ್ಟರಿದ್ದಾರೆ ಬಾ’ ಎಂದು ಯಾರಾದರೂ ಗಾಡಿ ಹತ್ತಿಸಲು ಬಂದರೆ, ಕಮಿಷನ್ ಆಸೆಗೆ ಬಂದವರೋ ಏನೋ, ಹತ್ತಬೇಡ. ಸ್ಕ್ಯಾನಿಂಗ್ ರಿಪೋರ್ಟು ನಿನ್ನ ಬಳಿಯೇ ಇರಲಿ. ಅದನ್ನು ಇನ್ನೊಬ್ಬ ಸರ್ಜನ್‌ಗೆ ತೋರಿಸಿ ಕೇಳಿದರೆ ತಪ್ಪೇನೂ ಇಲ್ಲ.