ಸಾಕು ಎನ್ನುವುದೂ ಕಲಿಯುವ ವಿದ್ಯೆ

ಧಾರವಾಡ ಸೀಮೆಯ ಸಿಎಸ್‌ಐ ಸಭೆಗಳ ಮಹಿಳಾ ಅನ್ಯೋನ್ಯ ಕೂಟದಲ್ಲಿ ದುಡಿಯುತ್ತಲೇ ನನ್ನ ತಲೆ ನೆರೆಯಿತು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿ, ಬೆಟಗೇರಿಗಳಿಗೆ ಬಂದು ಕಟ್ಟಿದ ಸಭೆಗಳಿವು. ಕೂಟಕ್ಕೆ ನರ್ಸ್‌ಗಳು, ಟೀಚರ್‌ಗಳು, ಹೊಲಿಗೆಯವರು, ಮನೆಗೆಲಸದವರು, ಪಿಂಚಣಿಯಲ್ಲಿ ದಿನ ನೂಕುವ ವಿಧವೆಯರು ಎಲ್ಲರೂ ಬರುತ್ತಾರೆ. ಅವರ ಪ್ರಾರ್ಥನೆಯ ಬಿನ್ನಹ ಕೇಳುತ್ತ ಕೇಳುತ್ತ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಕಿರಿಯ ಹೆಣ್ಣುಮಕ್ಕಳಿಗೆ ಇದು ಉಪಯೋಗಕ್ಕೆ ಬರಲಿ ಎಂಬುದೇ ಆಸೆ.

1. ತೃಪ್ತಿ ಹುಟ್ಟುಗುಣವಲ್ಲ

"ಆಕೆಯ ಸ್ವಭಾವವೇ ಹಾಗೆ, ಏನಿದ್ದರೂ ಸಾಕು ಅಂತಾಳೆ" ಎಂದು ಕೆಲವರನ್ನು ಹೊಗಳುತ್ತೇವೆ. ಹಾಗೆ ಹೊಗಳಿ ನಮ್ಮ ಪಾಲಿನ ಕೆಲಸದಿಂದ ತಪ್ಪಿಸಿಕೊಳ್ಳುತ್ತೇವೆ. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯ ತೆರೆದು ನೋಡಿ. ಅದು ಸೆರೆಯಲ್ಲಿದ್ದು ಬರೆದದ್ದು. ಇದ್ದ ಸ್ಥಿತಿಯಲ್ಲಿ ತೃಪ್ತನಾಗಿರುವುದನ್ನು ತಾನು ಕಲಿತೆನೆಂದೇ ಅವನು ಹೇಳುತ್ತಾನೆ. ಅಪೊಸ್ತಲನಿಗೇ ಕಲಿಯಬೇಕಾಗಿ ಬಂದದ್ದು ನಮಗೆ ಒಂದು ಪ್ರಸಂಗ ಕೇಳಿದ ಮಾತ್ರಕ್ಕೆ ಬಂದುಬಿಡುವುದಿಲ್ಲ.

ಅದೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ ಸಹಾಯಕ್ಕೆ ಪೌಲನು ಅಲ್ಲಿ ಸಂತೋಷದಿಂದ ಕೃತಜ್ಞತೆ ಹೇಳುತ್ತಾನೆ. ತೃಪ್ತಿಯುಳ್ಳವರು ಕಷ್ಟ ಮುಚ್ಚಿಟ್ಟುಕೊಳ್ಳಬೇಕು, ಯಾರಿಂದಲೂ ಏನೂ ತೆಗೆದುಕೊಳ್ಳಬಾರದು ಎನ್ನುವ ಬಿಗುಮಾನಕ್ಕೆ ಅಲ್ಲಿ ಜಾಗವಿಲ್ಲ.

2. ರಾತ್ರಿಯ ಹೊತ್ತು ಫೋನನ್ನು ಬೇರೆ ಕೋಣೆಯಲ್ಲಿಡಿ

ಹಿಂದಿನ ಕಾಲದ ಆಸೆಗೆ ಅಂಗಡಿಯ ಬಾಗಿಲು ಹಾಕುವ ಹೊತ್ತೊಂದಿತ್ತು. ಈಗ ಊಟ ಮುಗಿದು, ಪಾತ್ರೆ ತೊಳೆದು, ಮಕ್ಕಳು ಮಲಗಿದ ಮೇಲೆ ಫೋನಿನಲ್ಲಿ ಸೀರೆ ಮಾರುವವರ ಲೈವ್ ಶುರುವಾಗುತ್ತದೆ. ಸೀರೆಯ ಸೆರಗು ಬಿಡಿಸಿ ಕ್ಯಾಮೆರಾಕ್ಕೆ ಹತ್ತಿರ ಹಿಡಿಯುತ್ತಾರೆ, ಮಗ್ಗುಲಲ್ಲಿ ಬುಕ್ ಮಾಡಿದವರ ಹೆಸರುಗಳು ಸರಸರನೆ ಏರುತ್ತಿರುತ್ತವೆ. ನಮ್ಮ ಕೂಟದ ಒಬ್ಬ ತಂಗಿ ಹೇಳಿದ್ದು: "ಅಕ್ಕಾರ, ಇನ್ನ ಎರಡ ಪೀಸ್ ಅಷ್ಟ ಉಳದಾವು ಅಂತಾರ್ರಿ. ಆಗ ನನಗ ಕೈ ತಡಿಯಂಗಿಲ್ಲ. ಪಾರ್ಸಲ್ ಬಂದಾಗ ಬಿಚ್ಚಿ ನೋಡೂ ಮನಸ್ಸೂ ಇರಂಗಿಲ್ಲ."

ಅವಳಿಗೆ ಬೇಕಾಗಿದ್ದದ್ದು ಸೀರೆಯಲ್ಲ. ಬೆಳಗಿನಿಂದ ಎಲ್ಲರಿಗಾಗಿ ಓಡಾಡಿದ ಮೇಲೆ ತನಗಾಗಿ ಒಂದು ಗಳಿಗೆ ಬೇಕಾಗಿತ್ತು. ಆ ಗಳಿಗೆಯನ್ನು ಮಾರುವವರು ಕೊಂಡುಕೊಂಡಿದ್ದರು. ಆಸೆ ಬಿಡು ಎಂದು ನಾವು ಅವಳಿಗೆ ಉಪದೇಶ ಮಾಡಲಿಲ್ಲ. ಅದೇ ಹೊತ್ತಿಗೆ ಇಬ್ಬರು ಫೋನಿನಲ್ಲಿ ಮಾತಾಡಿಕೊಂಡು, ಒಂದು ಕೀರ್ತನೆ ಓದಿ, ಪ್ರಾರ್ಥಿಸಿ, ಆಮೇಲೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಮಲಗುವ ಜೋಡಿಗಳನ್ನು ಮಾಡಿದೆವು. ಬರಿದಾದ ಹೊತ್ತಿಗೆ ಬೇರೇನೋ ಬಾರದಿದ್ದರೆ ಹಳೆಯದೇ ತಿರುಗಿ ಬರುತ್ತದೆ.

ಸಾಲದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸಂಘದ ಹೆಸರಿನಲ್ಲಿ ತೆಗೆದ ಕಿರುಸಾಲದ ಕಂತು, ಅದನ್ನು ತೀರಿಸಲು ಅಡವಿಟ್ಟ ಬಂಗಾರ, ಬಂಗಾರ ಬಿಡಿಸಲು ಮತ್ತೊಂದು ಸಾಲ. ವಸೂಲಿಯವರ ಕಾಟ ಎಲ್ಲಿಗೆ ಮುಟ್ಟಿತೆಂದರೆ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆಸ್ಪತ್ರೆಗೆಂದು, ಮಗಳ ಫೀಸಿಗೆಂದು ತೆಗೆದವರತ್ತ ನಾನು ಬೊಟ್ಟು ಮಾಡುವುದಿಲ್ಲ. ಆದರೆ ಕ್ರಿಸ್‌ಮಸ್‌ಗೆ ಮನೆಮಂದಿಗೆಲ್ಲ ಹೊಸ ಬಟ್ಟೆ ಆಗಲೇಬೇಕೆಂದು ಸಾಲ ಮಾಡಿದವರೂ ಇದ್ದಾರೆ. ಕೊಟ್ಟಿಗೆಯಲ್ಲಿ ಹುಟ್ಟಿದವನ ಹಬ್ಬಕ್ಕೆ ಸಾಲ ಬೇಡ.

3. ಚೆಂದದ್ದನ್ನು ಪಾಪವೆನ್ನಬೇಡಿ

ಜ್ಞಾನೋಕ್ತಿಗಳ 31ನೇ ಅಧ್ಯಾಯದ ಗುಣವತಿ ನಾರುಬಟ್ಟೆಯನ್ನೂ ಕೆನ್ನೀಲಿ ಬಣ್ಣದ ಉಡುಪನ್ನೂ ಉಡುತ್ತಾಳೆ, ಹೊಲ ಕೊಳ್ಳುತ್ತಾಳೆ, ಬಡವರಿಗೆ ಕೈ ನೀಡುತ್ತಾಳೆ. ಎಲ್ಲವೂ ಒಬ್ಬಳೇ. ಮಗಳ ಮದುವೆಗೆ ಒಳ್ಳೆಯ ಇಳಕಲ್ ಸೀರೆ ತಂದವಳ ಮುಂದೆ ಮುಖ ಸಿಂಡರಿಸುವುದು ಭಕ್ತಿಯಲ್ಲ. ಸೀರೆ ಉಟ್ಟ ಮೇಲೆ ಮುಂದಿನದರ ಚಿಂತೆಯೇ ಮನಸ್ಸನ್ನು ತಿನ್ನುತ್ತಿದೆಯೇ ಎಂದು ಕೇಳಿಕೊಳ್ಳಬೇಕಾದವಳು ಅವಳು, ನಾವಲ್ಲ.

4. ಚಿಕ್ಕ ನಾಣ್ಯದ ಡಬ್ಬಿ

ನಮ್ಮ ಕೂಟಗಳಲ್ಲಿ "ಲೀಸ್ಟ್ ಕಾಯಿನ್" ಎಂಬ ಡಬ್ಬಿ ಇರುತ್ತದೆ. ಇದನ್ನು 1956ರಲ್ಲಿ ಶುರು ಮಾಡಿದವರು ನಮ್ಮ ದೇಶದವರೇ ಆದ ಶಾಂತಿ ಸೊಲೊಮನ್. ಯುದ್ಧದಿಂದ ಒಡೆದ ದೇಶಗಳ ಹೆಣ್ಣುಮಕ್ಕಳನ್ನು ಕಾಣಲು ತಂಡದೊಂದಿಗೆ ಹೊರಟಿದ್ದಾಗ ಕೊರಿಯಾಕ್ಕೆ ಹೋಗಲು ಅವರಿಗೆ ವೀಸಾ ಸಿಗಲಿಲ್ಲ. ಫಿಲಿಪೈನ್ಸ್‌ನಲ್ಲಿ ಹಿಂದುಳಿದರು. ಪ್ರಾರ್ಥನೆಗೆ ಗಡಿಯಿಲ್ಲ, ಆದ್ದರಿಂದ ಪ್ರಾರ್ಥಿಸುವಾಗಲೆಲ್ಲ ತನ್ನ ದೇಶದ ಅತಿ ಚಿಕ್ಕ ನಾಣ್ಯವನ್ನು ತೆಗೆದಿಡೋಣ ಎಂಬ ಯೋಚನೆ ಅಲ್ಲಿ ಹುಟ್ಟಿತು. ಇದರಲ್ಲಿ ದೊಡ್ಡ ಮನೆಯವಳು ಹೆಚ್ಚು ಹಾಕಿ ಮೆರೆಯುವಂತಿಲ್ಲ, ಕೂಲಿಯವಳು ಕಡಿಮೆ ಹಾಕಿ ನಾಚುವಂತಿಲ್ಲ. ಎಲ್ಲರದೂ ಒಂದೇ ನಾಣ್ಯ.

ಮೊದಲು ನಮ್ಮ ಡಬ್ಬಿಯಲ್ಲಿ ಐದು ಪೈಸೆ, ಹತ್ತು ಪೈಸೆಗಳ ಸದ್ದಿತ್ತು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ನಿಂತಿತು. ಈಗ ರೂಪಾಯಿಯೇ ಬೀಳುತ್ತದೆ. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ, ನಾಣ್ಯವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಪ್ರಾರ್ಥಿಸಿ, ಆಮೇಲೆ ಡಬ್ಬಿಗೆ ಹಾಕುತ್ತಿದ್ದರು. ಯಾರಿಗಾಗಿ ಪ್ರಾರ್ಥಿಸಿದಿರಿ ಅಮ್ಮಾ ಎಂದು ಕೇಳಿದರೆ, ತಮಗೆ ಬೈದ ಸೊಸೆಯ ಹೆಸರನ್ನೋ, ಆ ವಾರ ಸುದ್ದಿಯಲ್ಲಿ ಕೇಳಿದ ಯಾವುದೋ ದೂರದ ಊರಿನ ತಾಯಂದಿರನ್ನೋ ಹೇಳುತ್ತಿದ್ದರು. ಬೇಕುಗಳ ಪಟ್ಟಿಯ ಮೇಲಿಂದ ಮನಸ್ಸನ್ನು ಎತ್ತಿ ಇನ್ನೊಬ್ಬರ ಕಡೆಗೆ ತಿರುಗಿಸಲು ಇಷ್ಟು ಸುಲಭದ, ಇಷ್ಟು ಗಟ್ಟಿಯಾದ ಸಾಧನವನ್ನು ನಾನು ಬೇರೆ ಕಂಡಿಲ್ಲ.

ಮಿಜೋರಾಮಿನ ತಾಯಂದಿರು ಈ ಡಬ್ಬಿಗೂ ಮುಂಚೆ, 1910ರ ಹೊತ್ತಿಗೇ, ಪ್ರತಿ ಅಡುಗೆಯ ಅಕ್ಕಿಯಿಂದ ಒಂದು ಹಿಡಿ ತೆಗೆದಿಟ್ಟು ಸಭೆಗೆ ಕೊಡುವ ರೂಢಿ ಹಾಕಿಕೊಂಡರು. ಅದು ಇಂದಿಗೂ ನಡೆದಿದೆ.

5. ಪೆಟ್ಟು ತಿನ್ನುವವಳಿಗೆ ತೃಪ್ತಿಯ ಪಾಠ ಬೇಡ

ಈ ಪಾಠವನ್ನು ಒತ್ತಿ ಹೇಳುತ್ತೇನೆ. ಗಂಡ ಕುಡಿದು ಹೊಡೆಯುತ್ತಾನೆ, ಸಂಬಳ ಕಿತ್ತುಕೊಳ್ಳುತ್ತಾನೆ ಎಂದು ಅಳುತ್ತ ಬಂದವಳಿಗೆ "ದೇವರು ಕೊಟ್ಟದ್ದರಲ್ಲಿ ತೃಪ್ತಿಯಿಂದಿರು ತಾಯಿ" ಎಂದು ಹೇಳಿ ಕಳಿಸುವ ಹಿರಿಯರಿದ್ದಾರೆ. ಆ ಏಟು ದೇವರು ಕೊಟ್ಟದ್ದಲ್ಲ. ಅಲ್ಲಿ ತೃಪ್ತಿಯ ಮಾತಾಡುವುದು ಸುವಾರ್ತೆಗೇ ಅವಮಾನ. ಅಂಥವಳ ಜೊತೆ ಕೂತು ಪ್ರಾರ್ಥಿಸಬೇಕು, ಎದ್ದು ಪೊಲೀಸ್ ಠಾಣೆಗೂ ಹೋಗಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅವಳಿಗೂ ಅನ್ವಯಿಸುತ್ತದೆ. 181 ಸಹಾಯವಾಣಿಯನ್ನು ಕೂಟದ ಪ್ರತಿಯೊಬ್ಬಳ ಫೋನಿನಲ್ಲಿ ಬರೆಸಿಡಿ.

ವೇದವಚನವನ್ನು ಅರ್ಧಕ್ಕೇ ನಿಲ್ಲಿಸಿದರೆ ಇಂಥ ಅನ್ಯಾಯಗಳು ಆಗುತ್ತವೆ. ಒಂದನೆಯ ತಿಮೊಥೆಯ ಐದನೆಯ ಅಧ್ಯಾಯದಲ್ಲಿ ಭೋಗದಲ್ಲಿ ಮುಳುಗಿದ ವಿಧವೆಯ ಬಗ್ಗೆ ಕಟುವಾದ ಮಾತಿದೆ. ಪ್ರಸಂಗಗಳಲ್ಲಿ ಅದನ್ನು ಮೇಲಿಂದ ಮೇಲೆ ಕೇಳಿದ್ದೇನೆ. ಆದರೆ ದಿಕ್ಕಿಲ್ಲದ ವಿಧವೆಯರನ್ನು ಸಭೆ ನೋಡಿಕೊಳ್ಳಬೇಕು, ತನ್ನವರನ್ನು ಸಾಕದವನು ನಂಬಿಕೆಯನ್ನೇ ನಿರಾಕರಿಸಿದಂತೆ ಎಂಬ ಆಜ್ಞೆಯೂ ಅದೇ ಅಧ್ಯಾಯದ್ದು. ಹೆಣ್ಣಿಗೆ ಸರಳತೆ ಬೋಧಿಸುವ ಸಭೆ ಮೊದಲು ತನ್ನ ವಿಧವೆಯರ ಅಡುಗೆಮನೆಯಲ್ಲಿ ಗ್ಯಾಸ್ ಇದೆಯೋ ಇಲ್ಲವೋ ನೋಡಲಿ.

6. ವಿಶ್ರಾಂತಿ ಭೋಗವಲ್ಲ

ಭಾನುವಾರ ಮಧ್ಯಾಹ್ನ ಒಂದು ತಾಸು ಮಲಗಿದ್ದಕ್ಕೆ ತಪ್ಪು ಮಾಡಿದವಳಂತೆ ಕ್ಷಮೆ ಕೇಳುವ ಸೊಸೆಯಂದಿರನ್ನು ಕಂಡಿದ್ದೇನೆ. ಸಬ್ಬತ್ತನ್ನು ಕೊಟ್ಟವನು ದೇವರು. ಮಲಗಿ.

7. ಸಾಕು ಎಂದವರು ಕೈಕಟ್ಟಿ ಕೂರುವುದಿಲ್ಲ

ತನ್ನ ಮಟ್ಟಿಗೆ ಸಾಕು ಎಂದವಳಿಗೆ ಇನ್ನೊಬ್ಬರಿಗೆ ಸಾಲದು ಎಂಬುದು ಕಾಣತೊಡಗುತ್ತದೆ. ಪಂಡಿತಾ ರಮಾಬಾಯಿಯವರ ಬದುಕನ್ನು ಓದಿ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು, ಬರಗಾಲದಲ್ಲಿ ಹೆತ್ತವರನ್ನು ಕಳೆದುಕೊಂಡವರು, ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅವರಿಗಿದ್ದ ಪಾಂಡಿತ್ಯಕ್ಕೆ, ಹೆಸರಿಗೆ, ಅಲ್ಲಿಯೋ ಅಮೆರಿಕದಲ್ಲೋ ಸುಖವಾಗಿ ಇದ್ದುಬಿಡಬಹುದಿತ್ತು. ತಿರುಗಿ ಬಂದರು. 1896ರ ಬರದಲ್ಲಿ ಮಧ್ಯ ಪ್ರಾಂತ್ಯಕ್ಕೆ ಹೋಗಿ ಹಸಿದ ಹುಡುಗಿಯರನ್ನು ಕರೆತಂದು ಪುಣೆ ಹತ್ತಿರದ ಕೇಡಗಾವ್‌ನಲ್ಲಿ ಮುಕ್ತಿ ಸದನ ಕಟ್ಟಿದರು. ಅಲ್ಲಿ ನೇಯ್ಗೆ, ಅಚ್ಚುಕೂಟ, ಒಕ್ಕಲುತನ ಎಲ್ಲವನ್ನೂ ಹೆಣ್ಣುಮಕ್ಕಳೇ ಕಲಿತು ನಡೆಸಿದರು. 1922ರಲ್ಲಿ ತೀರಿಕೊಳ್ಳುವವರೆಗೂ ರಮಾಬಾಯಿ ಅವರ ನಡುವೆಯೇ ಬಾಳಿದರು.

ನಮ್ಮ ಕೈಲಾದದ್ದನ್ನು ಶುರು ಮಾಡಲು ಒಂದು ಒಳ್ಳೆಯ ದಿನವಿದೆ: ಮಾರ್ಚ್ ತಿಂಗಳ ಮೊದಲ ಶುಕ್ರವಾರ, ವಿಶ್ವ ಪ್ರಾರ್ಥನಾ ದಿನ. ಆ ದಿನದ ಆರಾಧನೆಯನ್ನು ನಡೆಸುವವರು ಹೆಣ್ಣುಮಕ್ಕಳೇ. ನಿಮ್ಮ ಸಭೆಯಲ್ಲಿ ಕೂಟ ನಿಂತುಹೋಗಿದ್ದರೆ ಆ ಶುಕ್ರವಾರದಿಂದ ಮತ್ತೆ ಶುರು ಮಾಡಿ. ನಾಲ್ವರು ಬಂದರೂ ಸಾಕು. ಒಂದು ಡಬ್ಬಿ ತನ್ನಿ, ಫಿಲಿಪ್ಪಿ ನಾಲ್ಕನೆಯ ಅಧ್ಯಾಯವನ್ನು ಪೂರ್ತಿ ಓದಿ, ಮತ್ತು ಬರಲಾಗದ ವಿಧವೆಯ ಮನೆಗೆ ಆರಾಧನೆ ಮುಗಿದ ಕೂಡಲೇ ಎಲ್ಲರೂ ಸೇರಿ ಹೋಗಿಬನ್ನಿ.