ಸಾಧು ಹಲ್ಲಿಯೇನೋ ಸಿಗುತ್ತದೆ, ಕಾಗದ ಎಲ್ಲಿ?

ನಾಯಿ, ಬೆಕ್ಕು, ಗಿಳಿಗಳಿಂದ ಮನಸ್ಸು ತುಂಬದ ಹುಡುಗರು ಈಗ ಸಾಕುಪ್ರಾಣಿ ಅಂಗಡಿಗಳಲ್ಲಿ ಹೊಸ ಬೇಡಿಕೆ ಇಡುತ್ತಿದ್ದಾರೆ: "ದೊಡ್ಡ ಹಲ್ಲಿ ಬೇಕು, ಆದರೆ ಕಚ್ಚಬಾರದು, ಹೆಗಲ ಮೇಲೆ ಕೂತಿರಬೇಕು." (ನಮ್ಮ ಊರಿನ ಗಿಳಿಯನ್ನು ಪಂಜರದಲ್ಲಿ ಸಾಕುವುದೂ ಅಪರಾಧವೇ; ಅದು ಇನ್ನೊಂದು ದಿನದ ಮಾತು.) ಅಂಗಡಿಯವನು ಕೂಡಲೇ ಎರಡು ಮೂರು ಹೆಸರು ಹೇಳುತ್ತಾನೆ. ಆ ಪ್ರಾಣಿಯ ಸ್ವಭಾವ ಎಷ್ಟೇ ಮೃದುವಾಗಿರಲಿ, ಅದು ನಿಮ್ಮ ಮನೆಗೆ ಬಂದ ದಾರಿ ಸರಿಯಿಲ್ಲದಿದ್ದರೆ ಅರಣ್ಯ ಇಲಾಖೆಯವರು ಬಾಗಿಲು ತಟ್ಟಬಹುದು ಎಂಬುದನ್ನು ಮಾತ್ರ ಅವನು ಹೇಳುವುದಿಲ್ಲ. ಹಾಗಾಗಿ ಯಾವ ಹಲ್ಲಿ ಸಾಧು ಎಂದು ಕೇಳುವ ಮೊದಲು ಯಾವ ಹಲ್ಲಿಗೆ ಕಾಗದ ಸಿಗುತ್ತದೆ ಎಂದು ಕೇಳಿ.

ಮೊದಲು ಉಡದ ವಿಷಯ. ಹೊಲದ ಬದುವಿನಲ್ಲಿ, ಹಳೇ ಬಾವಿಯ ಕಲ್ಲುಸಂದಿಯಲ್ಲಿ ಕಾಣುವ ಉಡ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಅನುಸೂಚಿ 1ರಲ್ಲಿದೆ. ಹುಲಿ, ಆನೆಗಳಿರುವುದೂ ಅದೇ ಪಟ್ಟಿಯಲ್ಲಿ. ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯೇ, ಕೊಲ್ಲಲೇಬೇಕೆಂದಿಲ್ಲ. ಅನುಸೂಚಿ 1ರ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ 25,000 ರೂಪಾಯಿಗಿಂತ ಕಡಿಮೆಯಾಗುವಂತಿಲ್ಲ. ಮರಿ ಉಡವನ್ನು ಹಿಡಿದು ತಂದು "ಮಗು ಹಠ ಮಾಡಿತು" ಎಂದರೆ ನ್ಯಾಯಾಲಯ ಮನ್ನಿಸುವುದಿಲ್ಲ. ಉಡ ಮನೆಯೊಳಗೆ ನುಗ್ಗಿದರೆ ಕೋಲು ಹಿಡಿಯದೆ, ಚೀಲವನ್ನೂ ಹುಡುಕದೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಜನ ಹೆಚ್ಚಾಗಿ ಎಡವುವುದು ನೀರುಡದ ವಿಷಯದಲ್ಲಿ. ಹೊರದೇಶದ ಹವ್ಯಾಸಿಗಳು ಇದನ್ನು ಚಿಕ್ಕಂದಿನಿಂದ ಪಳಗಿಸಿದರೆ ಆಶ್ಚರ್ಯವಾಗುವಷ್ಟು ಶಾಂತವಾಗಿರುತ್ತದೆ ಎಂದು ಹೊಗಳುತ್ತಾರೆ, ವಿಡಿಯೊಗಳಲ್ಲಿ ತಬ್ಬಿಕೊಂಡು ತೋರಿಸುತ್ತಾರೆ. ಆದರೆ ಸುಂದರಬನ, ಒಡಿಶಾದ ಭಿತರ್‌ಕಣಿಕಾ, ಅಂಡಮಾನ್‌ಗಳಲ್ಲಿ ಇದು ನಮ್ಮದೇ ಪ್ರಾಣಿ, ಇದೂ ಅನುಸೂಚಿ 1ರಲ್ಲಿದೆ. "ಇದು ಥಾಯ್ಲೆಂಡ್ ಮಾಲು, ನಮ್ಮ ಕಾನೂನು ಇದಕ್ಕೆ ಅನ್ವಯಿಸುವುದಿಲ್ಲ" ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಬ್ಯಾಂಕಾಕ್‌ನಿಂದ ಸೂಟ್‌ಕೇಸಿನಲ್ಲಿ ಬಂದ ಸರೀಸೃಪಗಳನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಹಿಡಿದಿರುವುದು ಒಂದೆರಡು ಸಲವಲ್ಲ. ಪೆಟ್ಟಿಗೆಯಲ್ಲೇ ಸತ್ತಿದ್ದ ಪ್ರಾಣಿಗಳೂ ಸಿಕ್ಕಿವೆ.

ಹಾಗಾದರೆ ಕಾನೂನಿನೊಳಗೆ ಉಳಿಯುವುದು ಏನು? ದೊಡ್ಡ ಗಾತ್ರಕ್ಕೆ ಹೆಸರಾದವು ಮುಖ್ಯವಾಗಿ ಎರಡು. ಅರ್ಜೆಂಟೀನಾದ ಕಪ್ಪು ಬಿಳಿ ಟೆಗು ನಾಲ್ಕಡಿವರೆಗೆ ಬೆಳೆದು ಮನುಷ್ಯರಿಗೆ ಚೆನ್ನಾಗಿ ಒಗ್ಗಿಕೊಳ್ಳುತ್ತದೆ. ಹಸಿರು ಇಗುವಾನಾ ಸೊಪ್ಪುಸದೆ ತಿನ್ನುವ ಪ್ರಾಣಿ, ಐದಾರು ಅಡಿ ಉದ್ದಕ್ಕೂ ಹೋಗುತ್ತದೆ. ಆದರೆ ಗಂಡು ಇಗುವಾನಾ ಬೆದೆಯ ಕಾಲದಲ್ಲಿ ಬೇರೆಯೇ ಪ್ರಾಣಿ: ಬಾಲದಿಂದ ಬಾರಿಸುತ್ತದೆ, ಕಚ್ಚುತ್ತದೆ. ಅಂಗಡಿಯಲ್ಲಿ ಅಂಗೈ ಮೇಲೆ ಮಲಗಿದ ಮರಿಯನ್ನು ನೋಡಿ ಸ್ವಭಾವ ಅಳೆಯಬೇಡಿ. ನನ್ನನ್ನು ಕೇಳಿದರೆ, ಮೊದಲ ಸಲ ಸಾಕುವವರಿಗೆ ಇಗುವಾನಾ ಬೇಡ. ಎರಡೂ ಹದಿನೈದು ಇಪ್ಪತ್ತು ವರ್ಷ ಬದುಕಬಲ್ಲವು. ನಿಮ್ಮ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು ಎಂಬುದೂ ನೆನಪಿರಲಿ.

ಈ ಎರಡೂ ಪ್ರಾಣಿಗಳು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅದೇ 2022ರ ತಿದ್ದುಪಡಿ ಆ ಅನುಬಂಧಗಳನ್ನು ನಮ್ಮ ಕಾಯ್ದೆಯ ಅನುಸೂಚಿ 4ಕ್ಕೆ ತಂದಿತು. ಜತೆಗೆ ಕಲಂ 49ಎಂ ಬಂತು: ಆ ಪಟ್ಟಿಯ ಜೀವಂತ ಪ್ರಾಣಿ ಯಾರ ಬಳಿಯಿದ್ದರೂ ವರದಿ ಮಾಡಿ ನೋಂದಣಿ ಪಡೆಯಬೇಕು. ಅದರ ವಿಧಾನವನ್ನು 2024ರ ಫೆಬ್ರವರಿಯ ನಿಯಮಗಳು ಹೇಳುತ್ತವೆ. ಪ್ರಾಣಿ ನಿಮ್ಮ ವಶಕ್ಕೆ ಬಂದ 30 ದಿನದೊಳಗೆ ಪರಿವೇಶ್ 2.0 ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಹಾಕಬೇಕು. ಹಳಬರಿಗೆಂದು ಕೊಟ್ಟಿದ್ದ ಆರು ತಿಂಗಳ ಗಡುವು ಮುಗಿದುಹೋಗಿದೆ. 2020ರಲ್ಲಿ ದಾಖಲೆಯಿಲ್ಲದೆ ಸ್ವಯಂ ಘೋಷಣೆ ಮಾಡಿಕೊಳ್ಳಲು ಕೇಂದ್ರ ಸರ್ಕಾರ ಕೊಟ್ಟ ಅವಕಾಶವೂ ಎಂದೋ ಮುಗಿಯಿತು. ಅದನ್ನೇ ತೋರಿಸಿ ಇಂದಿಗೂ "ಏನೂ ತೊಂದರೆಯಿಲ್ಲ ಸಾರ್" ಎನ್ನುವ ದಲ್ಲಾಳಿಗಳಿದ್ದಾರೆ.

ಖರೀದಿಸುವಾಗ ಅಂಗಡಿಯವನ ಹೆಸರಿನಲ್ಲಿರುವ ಪ್ರಮಾಣಪತ್ರದ ಜೆರಾಕ್ಸ್ ತೆಗೆದುಕೊಂಡು ಸುಮ್ಮನಾಗುವವರೇ ಹೆಚ್ಚು. ಅದು ಸಾಲದು. ಕೈ ಬದಲಾದದ್ದನ್ನೂ ವರದಿ ಮಾಡಬೇಕು, ನಿಮ್ಮ ಹೆಸರಿಗೆ ಹೊಸ ಪ್ರಮಾಣಪತ್ರ ಬರಬೇಕು. ಪ್ರಾಣಿ ಮರಿ ಮಾಡಿದರೂ, ಸತ್ತರೂ ತಿಳಿಸಬೇಕು. ಬಿಲ್ಲಿನಲ್ಲಿ ಪ್ರಾಣಿಯ ವೈಜ್ಞಾನಿಕ ಹೆಸರು, ಮಾರಿದವನ ವಿಳಾಸ, ದಿನಾಂಕ ಬರೆಸಿಕೊಳ್ಳಿ; "ಪೆಟ್ ಲಿಜರ್ಡ್, 1" ಎಂಬ ಬಿಲ್ಲು ಯಾವ ಪ್ರಯೋಜನಕ್ಕೂ ಬಾರದು. ಹೊರದೇಶದಿಂದ ತಂದದ್ದಾದರೆ ಆಮದು ಪರವಾನಗಿ, ಸೈಟಿಸ್ ಅನುಮತಿಪತ್ರದ ಪ್ರತಿ ಕೇಳಿ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಅಂಗಡಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇರಬೇಕು. ಅದನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಕಾಗದಕ್ಕೆ ಇಷ್ಟು ಒತ್ತು ಕೊಡಲು ಕಾರಣ ಕಲಂ 57. ಪ್ರಾಣಿ ನಿಮ್ಮ ವಶದಲ್ಲಿದ್ದದ್ದು ರುಜುವಾತಾದರೆ, ಅದು ಅಕ್ರಮವೆಂದೇ ನ್ಯಾಯಾಲಯ ಭಾವಿಸುತ್ತದೆ. ಸಕ್ರಮವೆಂದು ತೋರಿಸುವ ಹೊಣೆ ನಿಮ್ಮದು. ಕಳ್ಳತನದ ಮೊಕದ್ದಮೆಯಲ್ಲಿ ಪೊಲೀಸರು ಹೊರುವ ಭಾರ ಇಲ್ಲಿ ನಿಮ್ಮ ಹೆಗಲಿಗೆ ಬೀಳುತ್ತದೆ.

ಅಧಿಕಾರಿಗಳು ಬಂದರೆ? ಸಕಾರಣವಾದ ಅನುಮಾನವಿದ್ದರೆ ಮನೆ ಶೋಧಿಸಲು ಕಲಂ 50 ಅಧಿಕಾರ ಕೊಟ್ಟಿದೆ, ತಡೆಯಲು ಹೋಗಬೇಡಿ. ಆದರೆ ಅವರ ಗುರುತಿನ ಚೀಟಿ ನೋಡಿ, ಮಹಜರನ್ನು ಓದದೆ ಸಹಿ ಹಾಕಬೇಡಿ, ಅದರ ಪ್ರತಿ ಕೇಳಿ. ಬಂಧಿಸಿದರೆ ಕಾರಣ ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕು ಸಂವಿಧಾನದ 22ನೇ ವಿಧಿಯದ್ದು. ವಕೀಲರ ಖರ್ಚು ಭರಿಸಲಾಗದ ಅರ್ಹರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ನೆರವು ಕೊಡುತ್ತದೆ.

ಎಲ್ಲ ಕಾಗದ ಸರಿಯಿದ್ದರೂ ಪ್ರಾಣಿ ಮೈ ಚಾಚಲಾಗದ ಗಾಜಿನ ತೊಟ್ಟಿಯಲ್ಲಿದ್ದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕಲಂ 11 ಎದುರಾಗುತ್ತದೆ. ನಾಲ್ಕಡಿಯ ಟೆಗುವಿಗೆ ಕೋಣೆಯ ಮೂಲೆಯಷ್ಟು ಜಾಗ, ಬಿಸಿ ದೀಪ, ನೇರಳಾತೀತ ಬೆಳಕು ಬೇಕು. ಮುಟ್ಟಿದ ಮೇಲೆ ಕೈ ತೊಳೆಯದಿದ್ದರೆ ಸಾಲ್ಮೊನೆಲ್ಲಾ ಸೋಂಕು ತಗಲಬಹುದು, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇನ್ನಷ್ಟು ಎಚ್ಚರ ಬೇಕು.

ಸಾಕಲಾಗದೆ ಹೋದರೆ ಕೆರೆಯಂಚಿಗೆ ಬಿಟ್ಟು ಬರುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಅಮೆರಿಕದ ಫ್ಲಾರಿಡಾದಲ್ಲಿ ಹೀಗೆ ತಪ್ಪಿಸಿಕೊಂಡ, ಬಿಟ್ಟುಹೋದ ಟೆಗು, ಇಗುವಾನಾಗಳು ಕಾಡಿನಲ್ಲಿ ವಂಶ ಬೆಳೆಸಿ ಅಲ್ಲಿನ ಜೀವಿಗಳ ಮೊಟ್ಟೆ ತಿನ್ನುವಷ್ಟು, ಕಾಲುವೆ ದಂಡೆ ಕೊರೆಯುವಷ್ಟು ಹೆಚ್ಚಿದವು. 2021ರಲ್ಲಿ ಆ ರಾಜ್ಯ ಎರಡನ್ನೂ ನಿಷೇಧಿತ ಪಟ್ಟಿಗೆ ಸೇರಿಸಿತು. ಇಲ್ಲಿಯೂ ಪರಕೀಯ ಆಕ್ರಮಣಕಾರಿ ಜೀವಿಗಳನ್ನು ನಿಯಂತ್ರಿಸಲು 2022ರ ತಿದ್ದುಪಡಿ ಕೇಂದ್ರಕ್ಕೆ ಅಧಿಕಾರ ಕೊಟ್ಟಿದೆ. ನೋಂದಣಿಯಾದ ಪ್ರಾಣಿಯನ್ನು ಇನ್ನೊಬ್ಬರಿಗೆ ಕೊಡುವುದಾದರೆ ವರ್ಗಾವಣೆಯ ಅರ್ಜಿ ಹಾಕಿ ಕೊಡಿ. ತೆಗೆದುಕೊಳ್ಳುವವರು ಸಿಗದಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿಯನ್ನು ಪ್ರಮಾಣಪತ್ರದ ಜತೆಗೇ ಇಟ್ಟುಕೊಳ್ಳಿ.