ದೆಹಲಿ ಮನೆಯ ನಲ್ಲಿ ರಿಪೇರಿ: ಮೊದಲು ವಾಲ್ವ್, ಆಮೇಲೆ ಪಾನಾ

ದೆಹಲಿಯ ಬಹುಪಾಲು ಬಡಾವಣೆಗಳಲ್ಲಿ ನಲ್ಲಿ ನೀರು ದಿನವಿಡೀ ಬರುವುದಿಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಬರುತ್ತದೆ. ದೆಹಲಿ ಜಲ ಮಂಡಳಿಯ ಪೈಪಿನಿಂದ ಮೀಟರ್ ದಾಟಿದ ನೀರು ನೆಲದಡಿಯ ತೊಟ್ಟಿಗೆ ಇಳಿಯುತ್ತದೆ. ಮೋಟಾರ್ ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ. ಅಲ್ಲಿಂದ ಅದು ತನ್ನ ಭಾರದಿಂದಲೇ ಬಚ್ಚಲಿಗೂ ಅಡುಗೆಮನೆಗೂ ಹರಿಯುತ್ತದೆ. ಹಲವು ಅಡುಗೆಮನೆಗಳಲ್ಲಿ ಮಂಡಳಿಯ ನೇರ ನೀರಿಗೆ ಬೇರೆಯೇ ನಲ್ಲಿ ಇರುತ್ತದೆ. ನೋಯ್ಡಾ, ಗುರುಗ್ರಾಮದ ಎತ್ತರದ ಕಟ್ಟಡಗಳಲ್ಲಿ ತೊಟ್ಟಿ, ಪಂಪ್, ಮುಖ್ಯ ಕೊಳವೆಗಳು ಸೊಸೈಟಿಯ ಸುಪರ್ದಿಗೆ ಸೇರಿದವು, ಫ್ಲ್ಯಾಟಿನ ಒಳಗಿನದು ಮಾತ್ರ ನಿವಾಸಿಯ ಹೊಣೆ. ಯಾವ ತೊಂದರೆ ಬಂದರೂ ಅದು ಈ ದಾರಿಯ ಎಲ್ಲಿ ಹುಟ್ಟಿದೆ ಎಂದು ಪತ್ತೆಮಾಡುವುದು ಮೊದಲ ಕೆಲಸ. ಆ ಭಾಗದ ವಾಲ್ವ್ ಮುಚ್ಚುವುದು ಎರಡನೆಯದು. ಪಾನಾ ಹಿಡಿಯುವ ಸರದಿ ಆಮೇಲೆ. ಮನೆಗೆ ಹೊಸದಾಗಿ ಬಂದವರು ಬಚ್ಚಲಿನ, ಅಡುಗೆಮನೆಯ ಮತ್ತು ಟ್ಯಾಂಕಿನ ಬುಡದ ವಾಲ್ವ್‌ಗಳನ್ನು ಒಮ್ಮೆ ತಿರುಗಿಸಿ ನೋಡಿಟ್ಟುಕೊಳ್ಳಬೇಕು. ವರ್ಷಗಟ್ಟಲೆ ಮುಟ್ಟದ ವಾಲ್ವ್ ಬೇಕಾದ ದಿನವೇ ಜಡವಾಗಿ ಕೂರುತ್ತದೆ.

ಸಲಕರಣೆಗಳು ಹೆಚ್ಚೇನೂ ಬೇಡ: ಹೊಂದಿಸಬಲ್ಲ ಪಾನಾ ಎರಡು, ಸ್ಕ್ರೂಡ್ರೈವರ್, ಟೆಫ್ಲಾನ್ ಟೇಪ್, ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಬಕೆಟ್. ಬಿಡಿಭಾಗಗಳು ಕೋಟ್ಲಾ ಮುಬಾರಕ್‌ಪುರದಲ್ಲೂ ಚಾವ್ಡಿ ಬಜಾರಿನಲ್ಲೂ ಸಿಗುತ್ತವೆ. ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯಲ್ಲೂ ವಾಷರ್‌ಗೆ ಕೊರತೆಯಿಲ್ಲ. ಹಿಂದಿ ಬಾರದವರು ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಹೋದರೆ ಸಾಕು. ಹಿಂದಿ ಬಲ್ಲವರೂ ಹಾಗೆ ಮಾಡುವುದೇ ಮೇಲು, ನಲ್ಲಿಯೊಳಗೆ ಕೂರುವ, ನೋಡಲು ಒಂದೇ ತರಹದ ಎರಡು ಕಾರ್ಟ್ರಿಜ್‌ಗಳ ಹಲ್ಲುಗಳ ಎಣಿಕೆ ಬೇರೆಯಾಗಿರಬಹುದು.

ನೀರು ಸಣ್ಣಗೆ ಬಂದರೆ

ಒಂದೇ ನಲ್ಲಿಯಲ್ಲಿ ನೀರು ಸಣ್ಣಗಾಗಿದ್ದರೆ ತಪ್ಪು ಸಾಮಾನ್ಯವಾಗಿ ಅದರ ಮೂತಿಯ ಜಾಲಿಯದು. ಕೊಳವೆಬಾವಿಯ ನೀರು ಬೆರೆಯುವ ಕಡೆ ಸುಣ್ಣದಂಶ ಬಿಳಿ ಹೆಪ್ಪಾಗಿ ಜಾಲಿಯ ಕಣ್ಣುಗಳನ್ನು ಮುಚ್ಚುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಬಳಸಿದವರಿಗೆ ಈ ಬಿಳಿ ಪುಡಿ ಹೊಸದಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸೈರಿಸಬಹುದು. ಮೂತಿಗೆ ಬಟ್ಟೆ ಸುತ್ತಿ ಪಾನಾದಿಂದ ಬಿಚ್ಚಿ, ಜಾಲಿಯನ್ನು ಬಿಳಿ ವಿನೆಗರ್‌ನಲ್ಲೋ ಸಿಟ್ರಿಕ್ ಆಸಿಡ್ ಕರಗಿಸಿದ ಬೆಚ್ಚಗಿನ ನೀರಿನಲ್ಲೋ ಒಂದು ಗಂಟೆ ನೆನೆಸಿ, ಬ್ರಷ್‌ನಿಂದ ಉಜ್ಜಿ ಮತ್ತೆ ಕೂರಿಸಬೇಕು. ಷವರ್‌ಗೂ ಇದೇ ಉಪಚಾರ. ಆ ದ್ರಾವಣ ಅಮೃತಶಿಲೆಯ ನೆಲಕ್ಕೆ ಬಿದ್ದರೆ ಹೊಳಪು ಹೋಗುವುದರಿಂದ ಕೆಲಸ ಬಕೆಟ್ಟಿನೊಳಗೇ ನಡೆಯಲಿ.

ಎಲ್ಲ ನಲ್ಲಿಗಳೂ ಒಟ್ಟಿಗೆ ಸೊರಗಿದ್ದರೆ ತಾರಸಿ ಹತ್ತಿ ನೋಡಬೇಕು. ಟ್ಯಾಂಕಿನಲ್ಲಿ ನೀರಿದೆಯೇ, ಬುಡದ ವಾಲ್ವ್ ಪೂರ್ತಿ ತೆರೆದಿದೆಯೇ, ತಳದ ಕೆಸರು ಕೊಳವೆಯ ಬಾಯಿಗೆ ಬಂದಿದೆಯೇ ಎಂಬ ಮೂರನ್ನು ನೋಡಿದರೆ ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ಟ್ಯಾಂಕ್ ಪೂರ್ತಿ ಬರಿದಾಗಿ ಮತ್ತೆ ತುಂಬಿದ ಮೇಲೂ ನೀರು ಬರದಿದ್ದರೆ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನು ಪೂರ್ತಿ ತೆರೆದು ಬಿಟ್ಟರೆ ಗಾಳಿ ಗೊರಗೊರ ಸದ್ದು ಮಾಡಿ ತಾನಾಗಿ ಹೊರಬರುವುದೇ ಹೆಚ್ಚು.

ತೊಟ್ಟಿಗೇ ನೀರು ಬರುತ್ತಿಲ್ಲವೆಂದು ಮಂಡಳಿಯ ಪೈಪಿಗೆ ನೇರವಾಗಿ ನೀರೆಳೆಯುವ ಸಣ್ಣ ಟುಲ್ಲು ಪಂಪ್ ಜೋಡಿಸುವ ಚಾಳಿ ನಗರದಲ್ಲಿ ವ್ಯಾಪಕ. ಅದು ನಿಯಮಬಾಹಿರ. ಅದಕ್ಕಿಂತ ದೊಡ್ಡ ಕಾರಣವೊಂದಿದೆ: ಪಂಪ್ ಎಳೆದಾಗ ಪೈಪಿನೊಳಗೆ ಒತ್ತಡ ಕುಸಿದು, ಬಿರುಕುಬಿಟ್ಟ ಜೋಡಣೆಗಳ ಮೂಲಕ ಪಕ್ಕದ ಚರಂಡಿಯ ನೀರು ಒಳಬರುತ್ತದೆ. ನೀರು ತಾನಾಗಿ ತೊಟ್ಟಿಗೆ ಬೀಳಲಿ, ಮೋಟಾರ್ ಅಲ್ಲಿಂದ ಎತ್ತಲಿ.

ತೊಟ್ಟಿಕ್ಕುವ ನಲ್ಲಿ

ಹಲವು ಸುತ್ತು ತಿರುಗಿಸುವ ಹಳೆಯ ನಲ್ಲಿಯಾದರೆ ಒಳಗಿನ ರಬ್ಬರ್ ವಾಷರ್ ಸವೆದಿರುತ್ತದೆ. ಕಾಲು ಅಥವಾ ಅರ್ಧ ಸುತ್ತಿನ ಹೊಸ ನಲ್ಲಿಯಾದರೆ ಸೆರಾಮಿಕ್ ಕಾರ್ಟ್ರಿಜ್ ಕೆಟ್ಟಿರುತ್ತದೆ. ಆ ಕೋಣೆಯ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರು ಹರಿಯಬಿಡಬೇಕು. ಸಿಂಕಿನ ತೂತಿಗೆ ಬಟ್ಟೆ ತುರುಕುವುದು ಒಳ್ಳೆಯದು, ಸಣ್ಣ ಸ್ಕ್ರೂಗಳು ಹೋಗುವ ದಾರಿ ಅದೇ. ಹಿಡಿಯ ಮುಚ್ಚಳ ಕಿತ್ತು ಸ್ಕ್ರೂ ಬಿಚ್ಚಿದರೆ ಹಿಡಿ ಕೈಗೆ ಬರುತ್ತದೆ. ಅದರ ಕೆಳಗಿನ ಷಟ್ಕೋನ ಭಾಗವನ್ನು ಎಡಕ್ಕೆ ತಿರುಗಿಸಿದರೆ ಸ್ಪಿಂಡಲ್ ಈಚೆ ಬರುತ್ತದೆ. ವಾಷರ್ ಕೂರುವ ಹಿತ್ತಾಳೆ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ಅಲ್ಲಿ ಗುಳಿ ಬಿದ್ದಿದ್ದರೆ ಹೊಸ ವಾಷರ್ ಕೂಡ ಬೇಗ ಸೋಲುತ್ತದೆ, ನಲ್ಲಿಯನ್ನೇ ಬದಲಿಸುವುದು ಲೇಸು.

ನಲ್ಲಿಯನ್ನೇ ಬದಲಿಸುವಾಗ ಎಚ್ಚರ ಬೇಕು. ದೆಹಲಿ ಅಭಿವೃದ್ಧಿ ಪ್ರಾಧಿಕಾರದ (ಡಿಡಿಎ) ಹಳೆಯ ಫ್ಲ್ಯಾಟ್‌ಗಳಲ್ಲಿ ಗೋಡೆಯೊಳಗಿರುವುದು ಸಾಮಾನ್ಯವಾಗಿ ಜಿಐ ಕಬ್ಬಿಣದ ಪೈಪು. ದಶಕಗಳ ತುಕ್ಕು ತಿಂದ ಆ ಪೈಪು ಬಲ ಪ್ರಯೋಗಿಸಿದರೆ ಗೋಡೆಯೊಳಗೇ ಮುರಿಯುತ್ತದೆ. ಆಮೇಲಿನದು ಗೋಡೆ ಒಡೆಯುವ ಕೆಲಸ. ಒಂದು ಪಾನಾದಿಂದ ಪೈಪಿನ ತುದಿಯನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದರಿಂದ ನಲ್ಲಿಯನ್ನು ನಿಧಾನಕ್ಕೆ ತಿರುಗಿಸಬೇಕು. ಕದಲದಿದ್ದರೆ ಅಲ್ಲಿಗೇ ನಿಲ್ಲಿಸಿ ಪ್ಲಂಬರ್‌ಗೆ ಹೇಳಿಕಳಿಸಬೇಕು. ಹೊಸ ನಲ್ಲಿಯ ಮರೆಗಳಿಗೆ ಟೆಫ್ಲಾನ್ ಟೇಪನ್ನು ತುದಿಯ ಕಡೆಯಿಂದ ನೋಡಿದಾಗ ಗಡಿಯಾರದ ದಿಕ್ಕಿನಲ್ಲಿ ಸುತ್ತಬೇಕು. ತಿರುಗುಮುರುಗಾದರೆ ಬಿಗಿಯುವಾಗ ಟೇಪ್ ಬಿಚ್ಚಿಕೊಳ್ಳುತ್ತದೆ. ಮಾಸಲು ಹಳದಿಯ ಸಿಪಿವಿಸಿ ಜೋಡಣೆಯಿದ್ದರೆ ಕೈಬಲದ ಮೇಲೆ ಅರ್ಧ ಸುತ್ತು ಸಾಕು, ಹೆಚ್ಚಿಗೆ ಬಿಗಿದರೆ ಸೀಳುತ್ತದೆ.

ಫ್ಲಶ್ ಟ್ಯಾಂಕ್

ಸದ್ದಿಲ್ಲದೆ ಅತಿ ಹೆಚ್ಚು ನೀರು ಪೋಲಾಗುವುದು ಇಲ್ಲಿ. 2015ರಲ್ಲಿ ಬಂದ ದೆಹಲಿ ಸರ್ಕಾರದ ಯೋಜನೆಯಲ್ಲಿ ಮೀಟರ್ ಇರುವ ಮನೆಗೆ ತಿಂಗಳಿಗೆ 20,000 ಲೀಟರ್ ಉಚಿತ. ಅದನ್ನು ಮೀರಿದರೆ ಪೂರ್ತಿ ಬಳಕೆಗೆ ಬಿಲ್ ಬರುತ್ತದೆ. ನಿಮಿಷಕ್ಕೆ ಅರ್ಧ ಲೀಟರ್ ಸೋರಿದರೆ 30 ದಿನಕ್ಕೆ 21,600 ಲೀಟರ್ ಆಯಿತು. ಮನೆಮಂದಿ ಒಂದು ಚೊಂಬು ನೀರು ಬಳಸುವ ಮೊದಲೇ ಮಿತಿ ದಾಟಿದಂತೆ.

ಸೋರಿಕೆ ಪತ್ತೆಗೆ ಫ್ಲಶ್ ಟ್ಯಾಂಕಿಗೆ ಅಡುಗೆ ಬಣ್ಣದ ನಾಲ್ಕು ಹನಿ ಹಾಕಿ 20 ನಿಮಿಷ ಫ್ಲಶ್ ಮಾಡದೆ ಬಿಡಬೇಕು. ಕಮೋಡಿನಲ್ಲಿ ಬಣ್ಣ ಕಂಡರೆ ತಳದ ರಬ್ಬರ್ ಸೀಲು ಅಥವಾ ಮೇಲಿನ ಓವರ್‌ಫ್ಲೋ ನಳಿಕೆ, ಎರಡರಲ್ಲೊಂದು ಕಾರಣ. ಮುಚ್ಚಳ ತೆಗೆದು ನೋಡಿದಾಗ ನೀರು ಆ ನಳಿಕೆಯ ಬಾಯಿಗೆ ಮುಟ್ಟಿದ್ದರೆ ಫ್ಲೋಟ್‌ನ ಸ್ಕ್ರೂ ತಿರುಗಿಸಿ ಮಟ್ಟವನ್ನು ಒಂದು ಇಂಚು ಇಳಿಸಿದರಾಯಿತು. ಮುಟ್ಟಿರದಿದ್ದರೆ ಪಕ್ಕದ ಆ್ಯಂಗಲ್ ಕಾಕ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಸೀಲನ್ನು ಹೊರತೆಗೆದು ತೊಳೆಯಬೇಕು. ಹಲವು ಸಲ ಸುಣ್ಣದ ಹರಳೊಂದು ಅಡ್ಡ ಸಿಕ್ಕಿರುತ್ತದೆ, ಅಷ್ಟೇ. ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸಬೇಕು. ತಾರಸಿ ಟ್ಯಾಂಕಿನ ಬಾಲ್ ಕಾಕ್ ಕೂಡ ಇದೇ ಬಗೆಯಲ್ಲಿ ಕೆಡುತ್ತದೆ.

ಕಟ್ಟಿದ ಮೋರಿ

ಸಿಂಕಿನ ಕೆಳಗೆ ಬಕೆಟ್ ಇಟ್ಟು, ಬಾಟಲ್ ಟ್ರ್ಯಾಪಿನ ಬಟ್ಟಲನ್ನು ಕೈಯಿಂದಲೇ ಬಿಚ್ಚಿ ತೊಳೆದರೆ ಮುಕ್ಕಾಲು ಕೆಲಸ ಮುಗಿದಂತೆ. ಬಚ್ಚಲಿನ ನೆಲದ ನಹಾನಿ ಟ್ರ್ಯಾಪಿನಲ್ಲಿ ಕೂದಲನ್ನು ಕೊಕ್ಕೆತಂತಿಯಿಂದ ಎಳೆಯಬೇಕು. ಅಂಗಡಿಯವರು ಸಲೀಸಾಗಿ ಕೊಡುವ ತೇಜಾಬ್, ಅಂದರೆ ಆಸಿಡ್, ಬೇಡ: ಕ್ರೋಮ್ ಲೇಪವನ್ನೂ ಅಮೃತಶಿಲೆಯನ್ನೂ ತಿನ್ನುತ್ತದೆ, ಬ್ಲೀಚಿಂಗ್ ಪುಡಿಯೊಂದಿಗೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಾಂತಿಕ. ಬೇಸಿಗೆ ರಜೆಗೆ ಊರಿಗೆ ಹೋಗಿ ಮರಳಿದಾಗ ಮನೆಯೆಲ್ಲ ಚರಂಡಿ ನಾತ ಹೊಡೆಯುತ್ತಿದ್ದರೆ ಹೆದರಬೇಕಿಲ್ಲ. ಜೂನ್ ತಿಂಗಳ ಒಣಗಾಳಿಗೆ, ನಾತ ತಡೆಯಲು ಟ್ರ್ಯಾಪಿನಲ್ಲಿ ನಿಂತಿದ್ದ ನೀರು ಆರಿಹೋಗಿರುತ್ತದೆ. ಪ್ರತಿ ತೂತಿಗೂ ಎರಡು ಚೊಂಬು ನೀರು ಹುಯ್ದರೆ ನಿಲ್ಲುತ್ತದೆ.

ಗೀಸರ್

ನೀರು ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿದು, ಒಳಗೆ ಚಟಪಟ ಸದ್ದು ಕೇಳಿದರೆ ಸುರುಳಿಗೆ ಸುಣ್ಣ ಕಟ್ಟಿದೆ. ದೆಹಲಿಯ ಚಳಿ ಬರುವ ಮುನ್ನ, ಅಕ್ಟೋಬರಿನಲ್ಲೇ, ಸರ್ವಿಸ್ ಮಾಡಿಸಿ ಒಳಗಿನ ಮೆಗ್ನೀಸಿಯಂ ಕಡ್ಡಿ ಕರಗಿದ್ದರೆ ಬದಲಿಸಿಕೊಳ್ಳಬೇಕು. ಟ್ಯಾಂಕಿನ ಬದಲು ತಾನು ತುಕ್ಕು ಹಿಡಿಯುವುದೇ ಆ ಕಡ್ಡಿಯ ಕೆಲಸ. ಈ ಸರ್ವಿಸ್ ಮನೆಯವರು ಮಾಡುವ ಕೆಲಸವಲ್ಲ. ಮನೆಯವರು ಮಾಡಬಹುದಾದದ್ದು ಉಷ್ಣತೆಯನ್ನು 50ರಿಂದ 55 ಡಿಗ್ರಿಗೆ ಇಳಿಸುವುದು. ಬಿಸಿ ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಸುರಕ್ಷಾ ವಾಲ್ವಿನಿಂದ ಕಾಯುವಾಗ ನಾಲ್ಕು ಹನಿ ಉದುರುವುದು ಸಹಜ, ಅದನ್ನು ಯಾವ ಕಾರಣಕ್ಕೂ ಬಿರಡೆ ಹಾಕಿ ಮುಚ್ಚಬಾರದು. ನೀರಿನಲ್ಲಿ ಸಣ್ಣಗೆ ಶಾಕ್ ಹೊಡೆದಂತಾದರೆ ಎಂಸಿಬಿ ಇಳಿಸಿ ಎಲೆಕ್ಟ್ರಿಷಿಯನ್ ಕರೆಯಬೇಕು. ಗ್ಯಾಸ್ ಗೀಸರ್ ಅನ್ನು ಗಾಳಿಯಾಡದ ಬಚ್ಚಲಿನೊಳಗೆ ಇಡಲೇಬಾರದು. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಸೀಲನ್, ಅಂದರೆ ಗೋಡೆಯ ತೇವ

ದಿನವಿಡೀ ಒಂದೇ ಸಮನೆ ತೇವವಿದ್ದರೆ ನೀರು ತರುವ ಪೈಪು ಸೋರುತ್ತಿದೆ. ಮೇಲಿನವರು ಸ್ನಾನ ಮಾಡಿದ ಮೇಲಷ್ಟೇ ಹೆಚ್ಚಿದರೆ ಮೋರಿಯದೋ ಟೈಲ್ಸ್ ಸಂದಿಯದೋ ದೋಷ. ಮಳೆಗಾಲದಲ್ಲಷ್ಟೇ ಕಂಡರೆ ತಾರಸಿಯದು. ಪೈಪಿನ ಅನುಮಾನವಿದ್ದರೆ ರಾತ್ರಿ ಮೋಟಾರ್ ನಿಲ್ಲಿಸಿ, ತಾರಸಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಯಾರೂ ನೀರು ಬಳಸದೆ ಬೆಳಿಗ್ಗೆ ನೋಡಬೇಕು. ಮಟ್ಟ ಇಳಿದಿದ್ದರೆ ಒಂದೊಂದೇ ಕೋಣೆಯ ವಾಲ್ವ್ ಮುಚ್ಚುತ್ತ ಮರುರಾತ್ರಿ ಪರೀಕ್ಷಿಸಿದರೆ ಸೋರುವ ಜಾಗ ಸಿಕ್ಕುತ್ತದೆ. ಮೀಟರ್ ನೋಡಿ ಸೋರಿಕೆ ಹಿಡಿಯುವ ಉಪಾಯ ದೆಹಲಿಯಲ್ಲಿ ಅಷ್ಟು ಉಪಯೋಗಕ್ಕೆ ಬಾರದು. ನೀರು ಬರುವ ಹೊತ್ತಿನಲ್ಲಷ್ಟೇ ಅದು ತಿರುಗುತ್ತದೆ, ತೊಟ್ಟಿಯ ಆಚೆಗಿನ ಸೋರಿಕೆ ಅದಕ್ಕೆ ನೇರವಾಗಿ ಕಾಣದು. ಮೂಲ ಸಿಗುವ ಮುನ್ನ ಪುಟ್ಟಿ, ಬಣ್ಣ ಬಳಿಸುವುದು ದುಡ್ಡು ದಂಡ. ರಿಪೇರಿಯಾದ ಮೇಲೂ ಗೋಡೆ ಪೂರ್ತಿ ಒಣಗುವವರೆಗೆ ಕಾಯಬೇಕು.

ನಲ್ಲಿಯಲ್ಲಿ ಕಪ್ಪು ನೀರೋ ಚರಂಡಿ ವಾಸನೆಯೋ ಬಂದರೆ ಅದು ಮನೆಯೊಳಗಿನ ರಿಪೇರಿಯಲ್ಲ. ತೊಟ್ಟಿಗೆ ಬರುವ ವಾಲ್ವ್ ಮುಚ್ಚಿ, ಒಂದು ಬಾಟಲಿ ನೀರನ್ನು ತೆಗೆದಿಟ್ಟು, ದೆಹಲಿಯಲ್ಲಾದರೆ ಜಲ ಮಂಡಳಿಯ 1916ಕ್ಕೆ ದೂರು ಕೊಡಬೇಕು. ಅಷ್ಟರಲ್ಲಿ ಆ ನೀರು ತೊಟ್ಟಿಗೆ ಸೇರಿಹೋಗಿದ್ದರೆ ತೊಟ್ಟಿಯನ್ನೂ ಟ್ಯಾಂಕನ್ನೂ ಬರಿದು ಮಾಡಿ ಉಜ್ಜಿ, ಬ್ಲೀಚಿಂಗ್ ಪುಡಿ ಬೆರೆಸಿದ ನೀರಿನಿಂದ ತೊಳೆದು, ಎಲ್ಲ ನಲ್ಲಿಗಳನ್ನೂ ಹರಿಯಬಿಟ್ಟ ಮೇಲಷ್ಟೇ ಹೊಸ ನೀರು ತುಂಬಬೇಕು.